ವರ್ಷಕ್ಕೆ 52 ಅಂತ ಹೊರಟವಳು ಈಗ ತೆಳು ಪುಸ್ತಕ ಹುಡುಕುತ್ತಿದ್ದೇನೆ

ಪುಟಗಳ್ಳಿ (ಆಗಸ್ಟ್ 12):
ಜನವರಿ 1ರ ಹುರುಪಿನಲ್ಲಿ ಈ ವರ್ಷ 52 ಪುಸ್ತಕ ಅಂತ ಗುರಿ ಹಾಕಿಕೊಂಡೆ. ವಾರಕ್ಕೊಂದು, ಅದೇನು ಮಹಾ ಅನ್ನಿಸಿತ್ತು. ಇವತ್ತಿಗೆ ಓದಿರುವುದು 19. ಓದಿದ ಪುಸ್ತಕಗಳ ಲೆಕ್ಕ ಇಡುವ ಗುಡ್‌ರೀಡ್ಸ್ ತಾಣ ತೆರೆದರೆ ಸಾಕು, 13 ಪುಸ್ತಕ ಹಿಂದಿದ್ದೀರಿ ಅಂತ ಸಾಲ ಕೊಟ್ಟವರ ಹಾಗೆ ಬಾಗಿಲಲ್ಲೇ ನಿಂತಿರುತ್ತದೆ.

ಹಿಂದೆ ಬಿದ್ದಿದ್ದಕ್ಕೆ ಅಷ್ಟು ಬೇಜಾರಿಲ್ಲ. ಬೇಜಾರು ಬೇರೆಯದಕ್ಕೆ. ಮೊನ್ನೆ ಭಾನುವಾರ ಮುಂದಿನ ಪುಸ್ತಕ ತೆಗೆಯೋಣ ಅಂತ ಕಪಾಟಿನ ಮುಂದೆ ನಿಂತೆ. ಎರಡು ವರ್ಷದಿಂದ ಓದಬೇಕು ಓದಬೇಕು ಅಂದುಕೊಂಡಿರುವ 780 ಪುಟದ ಕಾದಂಬರಿ ಅಲ್ಲೇ ಇದೆ. ಕೈ ಅದರ ಮೇಲೆ ಹೋಯಿತು. ಹೆಬ್ಬೆರಳು, ತೋರುಬೆರಳು ಸೇರಿ ದಪ್ಪ ಅಳೆದವು. ಆಮೇಲೆ ಕೈ ತಾನಾಗಿಯೇ ಪಕ್ಕಕ್ಕೆ ಸರಿದು 90 ಪುಟದ್ದೊಂದನ್ನು ಎಳೆದುಕೊಂಡಿತು. ಅದನ್ನು ಓದುವ ಆಸೆ ನನಗೆ ಕಿಂಚಿತ್ತೂ ಇರಲಿಲ್ಲ. ಸಂಜೆಗೆ ಮುಗಿಯುತ್ತದೆ ಅನ್ನುವುದೊಂದೇ ಕಾರಣ.

ಅನುಮಾನ ಬಂದು ಇನ್ನೊಂದು ಪರೀಕ್ಷೆ ಮಾಡಿಕೊಂಡೆ. ಮಾಡಿಕೊಳ್ಳಬಾರದಿತ್ತು. ನೋಟ್‌ಬುಕ್ಕಿನಲ್ಲಿ 19 ಹೆಸರನ್ನೂ ಸಾಲಾಗಿ ಬರೆದು, ಪ್ರತಿಯೊಂದರ ಎದುರು ನೆನಪಿರುವ ಒಂದೇ ಒಂದು ಸಂಗತಿ ಬರೆಯಲು ಕೂತೆ. ಹನ್ನೆರಡಕ್ಕೆ ಏನೋ ಬರೆದೆ. ಏಳರ ಎದುರು ಖಾಲಿ. ಅದರಲ್ಲಿ ಒಂದನ್ನಂತೂ ಓದಿದ್ದೇ ನೆನಪಿಲ್ಲ, ಆದರೆ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ!

ಈಗ ಗುರಿ ಇಳಿಸಲೋ, ಬಿದ್ದೂ ಎದ್ದೂ 52 ಮುಟ್ಟಲೋ? ಚಾಲೆಂಜ್ ಮಾಡುವವರು ಯಾರಾದರೂ ಹೇಳಿ. ನಿಮ್ಮ ಈ ವರ್ಷದ ಲೆಕ್ಕವನ್ನೂ ಹಾಕಿ, ಸ್ವಲ್ಪ ಸಮಾಧಾನ ಆಗುತ್ತದೆ.

ಸುಮ್ನೆಬಂದೆ:
ನನ್ನದು 4. ಸಮಾಧಾನ ಆಯ್ತಾ?

ಪುಟಗಳ್ಳಿ:
ತುಂಬಾ. ಥ್ಯಾಂಕ್ಸ್.

ಲೆಕ್ಕದಮೇಷ್ಟ್ರು:
ಭಾವನೆ ಪಕ್ಕಕ್ಕಿಡಿ, ಲೆಕ್ಕ ನೋಡೋಣ. ಉಳಿದಿರುವುದು 33 ಪುಸ್ತಕ, 141 ದಿನ. ಸರಾಸರಿ 200 ಪುಟ ಅಂತ ಹಿಡಿದರೂ 6,600 ಪುಟ. ದಿನಕ್ಕೆ 47 ಪುಟ ಆಯಿತು. ಪುಟಕ್ಕೆ ಎರಡು ನಿಮಿಷ ಅಂದರೆ ದಿನಾ ಒಂದೂವರೆ ಗಂಟೆಗೆ ಸ್ವಲ್ಪ ಜಾಸ್ತಿ. ಜ್ವರ, ಪ್ರಯಾಣ, ನೆಂಟರು ಯಾವುದಕ್ಕೂ ರಜೆ ಇಲ್ಲ. ಆಗುತ್ತದಾ?

ತಪ್ಪು ಆಗಿದ್ದು ಜನವರಿಯಲ್ಲೇ. ವಾರಕ್ಕೊಂದು ಅಂದರೆ ಕೇಳಲು ಹಗುರ. 250 ಪುಟದ 52 ಪುಸ್ತಕ ಅಂದರೆ 13,000 ಪುಟ, ದಿನಕ್ಕೆ 36 ಪುಟ ಅಂತ ಮೊದಲೇ ಬಿಡಿಸಿ ನೋಡಿದ್ದರೆ ನೀವೇ 30 ಹಾಕುತ್ತಿದ್ದಿರಿ. ನಾನು ಪುಸ್ತಕ ಎಣಿಸುವುದೇ ಬಿಟ್ಟೆ. ದಿನಕ್ಕೆ 20 ಪುಟ, ವರ್ಷಕ್ಕೆ 7,300. ನಿಮ್ಮ 780 ಪುಟದ್ದು 39 ದಿನ ಹಿಡಿಯುತ್ತದೆ. ಹಿಡಿಯಲಿ. ದಪ್ಪ ಪುಸ್ತಕ ತೆಗೆದುಕೊಂಡರೆ ನಷ್ಟ ಅನ್ನುವ ಮಾತೇ ಇಲ್ಲ.

ನಿಧಾನಿ:
ಮೇಷ್ಟ್ರೇ, ಪುಟ ಎಣಿಸುವುದೂ ಎಣಿಸುವುದೇ ಅಲ್ವಾ? ನೀವು ದಪ್ಪಕ್ಷರದ ಪುಸ್ತಕ ಹುಡುಕುತ್ತೀರಿ ಅಷ್ಟೇ.

ಲೆಕ್ಕದಮೇಷ್ಟ್ರು:
ಒಂದೆರಡು ಸಲ ಹುಡುಕಿದ್ದೇನೆ, ಸುಳ್ಳು ಹೇಳುವುದಿಲ್ಲ. ಕವನ ಸಂಕಲನ ಈ ಲೆಕ್ಕಕ್ಕೆ ಬಹಳ ಒಳ್ಳೆಯದು. ಪುಟಕ್ಕೆ ಎಂಟು ಸಾಲು.

ರಾತ್ರಿಪಾಳಿ:
ಕವನ ಓದುವವರು ಇದನ್ನು ನೋಡಿದರೆ ನಿಮ್ಮನ್ನು ಅಟ್ಟಿಸಿಕೊಂಡು ಬರುತ್ತಾರೆ. ಎಂಟು ಸಾಲಿಗೆ ಅರ್ಧ ಗಂಟೆ ಹಿಡಿಯಬೇಕು ಸಾರ್, ಎಂಟು ಸೆಕೆಂಡ್ ಅಲ್ಲ.

ನಿಯಮಪ್ರಿಯ:
ಎಲ್ಲಕ್ಕಿಂತ ಮೊದಲು ಯಾವುದನ್ನು ಪುಸ್ತಕ ಅನ್ನಬೇಕು ಅಂತ ತೀರ್ಮಾನ ಆಗಲಿ. ಯುನೆಸ್ಕೊ 1964ರಲ್ಲೇ ಇದಕ್ಕೊಂದು ವ್ಯಾಖ್ಯೆ ಕೊಟ್ಟಿದೆ. ರಕ್ಷಾಪುಟ ಬಿಟ್ಟು ಕನಿಷ್ಠ 49 ಪುಟ ಇರಬೇಕು. 5ರಿಂದ 48 ಪುಟದ್ದು ಕಿರುಹೊತ್ತಿಗೆ. ನಿಮ್ಮ 90 ಪುಟದ್ದು ನಿಯಮದ ಪ್ರಕಾರ ಪುಸ್ತಕವೇ. ತಪ್ಪಿತಸ್ಥ ಭಾವನೆ ಬೇಡ.

ಇಬ್ಬರಮಕ್ಕಳಮ್ಮ:
ಹಾಗಾದರೆ ನಾನು ದಿನಾ ರಾತ್ರಿ ಮಕ್ಕಳಿಗೆ ಓದಿ ಹೇಳುವ 24 ಪುಟದ ಚಿತ್ರಪುಸ್ತಕ ಲೆಕ್ಕಕ್ಕಿಲ್ವಾ? ಒಂದನ್ನೇ ಈ ತಿಂಗಳು 26 ಸಲ ಓದಿದ್ದೇನೆ. ಒಂದು ಪದ ಬಿಟ್ಟರೂ ಚಿಕ್ಕವನು ಹಿಡಿಯುತ್ತಾನೆ. ನಿಮ್ಮಲ್ಲಿ ಯಾರಾದರೂ ಒಂದು ಪುಸ್ತಕವನ್ನು ಅಷ್ಟು ಗಮನವಿಟ್ಟು ಓದಿದ್ದೀರಾ ಹೇಳಿ.

ನಿಯಮಪ್ರಿಯ:
ಮೇಡಂ, ಅದು ಅಂಕಿ ಅಂಶ ಕಲೆಹಾಕಲು ದೇಶಗಳು ಬಳಸುವ ವ್ಯಾಖ್ಯೆ. ನಿಮ್ಮ ಮಗನ ಮುಂದೆ ನಡೆಯುವುದಿಲ್ಲ. 24 ಗುಣಿಸು 26, ಅಂದರೆ 624 ಪುಟ. ಮೇಷ್ಟ್ರ ಲೆಕ್ಕದಲ್ಲಿ ನೀವೇ ಮುಂದಿದ್ದೀರಿ.

ಕಿವಿಯೋದುಗ:
ನನ್ನದು ಈ ವರ್ಷ 41. ಅದರಲ್ಲಿ 33 ಆಡಿಯೋ. ಬಸ್ಸಿನಲ್ಲಿ, ಬಟ್ಟೆ ಮಡಚುವಾಗ, ನಡೆಯುವಾಗ ಕೇಳುತ್ತೇನೆ. ದಯವಿಟ್ಟು ಕೇಳುವುದು ಓದಲ್ಲ ಅಂತ ಮಾತ್ರ ಶುರು ಮಾಡಬೇಡಿ.

ಹಳೇಹುಳು:
ಕೇಳುವುದು ಓದಲ್ಲ.

ಕಿವಿಯೋದುಗ:
ಬಂದರಪ್ಪಾ.

ಹಳೇಹುಳು:
ಕೋಪ ಬೇಡ, ಕೇಳುವುದು ಕೀಳು ಅಂತ ನಾನು ಹೇಳಿಲ್ಲ. ಬೇರೆ ಅಂತ ಹೇಳಿದೆ. ಓದುವಾಗ ಒಂದು ಸಾಲು ಚುಚ್ಚಿದರೆ ನಿಲ್ಲುತ್ತೇನೆ. ಹಿಂದಿನ ಪುಟಕ್ಕೆ ಹೋಗುತ್ತೇನೆ. ಕಿಟಕಿ ನೋಡುತ್ತಾ ಕೂರುತ್ತೇನೆ. ಆಡಿಯೋದಲ್ಲಿ ಓದುವವರು ನಮಗಾಗಿ ನಿಲ್ಲುವುದಿಲ್ಲ. ನೀವು ಬಟ್ಟೆ ಮಡಚುತ್ತಿರುವಾಗ ನಾಯಕ ಸತ್ತೇ ಹೋಗಿರುತ್ತಾನೆ, ನಿಮ್ಮ ಗಮನ ತೋಳಿನ ಮಡಿಕೆಯ ಮೇಲಿರುತ್ತದೆ.

ಕಿವಿಯೋದುಗ:
ಅದಕ್ಕೇ 15 ಸೆಕೆಂಡ್ ಹಿಂದೆ ಹೋಗುವ ಗುಂಡಿ ಇದೆ. ನನ್ನ ಫೋನಿನಲ್ಲಿ ಅತಿ ಹೆಚ್ಚು ಒತ್ತಿಸಿಕೊಂಡಿರುವ ಗುಂಡಿ ಅದೇ. ಇನ್ನು ನೆನಪಿನ ವಿಷಯ. 2016ರಲ್ಲಿ ಅಮೆರಿಕದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಒಂದೇ ಪುಸ್ತಕದ ಭಾಗಗಳನ್ನು ಕೆಲವರಿಗೆ ಓದಲು ಕೊಟ್ಟರು, ಕೆಲವರಿಗೆ ಕೇಳಿಸಿದರು, ಇನ್ನು ಕೆಲವರಿಗೆ ಎರಡೂ. ಆಗಲೇ ಒಂದು ಪರೀಕ್ಷೆ, ಎರಡು ವಾರ ಬಿಟ್ಟು ಇನ್ನೊಂದು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ರಾತ್ರಿಪಾಳಿ:
ಆ ಪ್ರಯೋಗ ನನಗೂ ಗೊತ್ತು. ಓದಿದವರು ಓದಿದ್ದು ಕಾಗದದಲ್ಲಲ್ಲ, ಇ-ಪುಸ್ತಕದಲ್ಲಿ. ಮತ್ತೆ ಅದು ಕಾದಂಬರಿಯೂ ಅಲ್ಲ. ಹಾಗಾಗಿ ಹಳೇಹುಳು ಅವರ ಕಿಟಕಿ ಇನ್ನೂ ಬೀಳಲಿಲ್ಲ. ಆದರೂ ನಾನು ಕಿವಿಯೋದುಗರ ಪಕ್ಷ. ಹನ್ನೆರಡು ಗಂಟೆ ಕೆಲಸ ಮುಗಿಸಿ ಬಂದಾಗ ಕಣ್ಣು ಬಿಡಲು ಆಗುವುದಿಲ್ಲ. ಕಿವಿ ಇನ್ನೂ ಎಚ್ಚರ ಇರುತ್ತದೆ.

ಸುಮ್ನೆಬಂದೆ:
ಎರಡು ಪಟ್ಟು ವೇಗದಲ್ಲಿ ಕೇಳಿದರೆ ಅರ್ಧ ಪುಸ್ತಕ ಅಂತ ಲೆಕ್ಕ ಹಾಕೋಣವಾ?

ನಿಯಮಪ್ರಿಯ:
ಈ ಪ್ರಶ್ನೆಗೆ ಯುನೆಸ್ಕೊ ಬಳಿ ಉತ್ತರವಿಲ್ಲ.

ಅರ್ಧಕ್ಕೆಬಿಟ್ಟವ:
ಯಾರೂ ಮುಖ್ಯ ವಿಷಯ ಮಾತಾಡುತ್ತಿಲ್ಲ. ಅರ್ಧಕ್ಕೆ ಬಿಟ್ಟ ಪುಸ್ತಕಗಳ ಗತಿಯೇನು? ಈ ವರ್ಷ ನಾನು 14 ಮುಗಿಸಿದ್ದೇನೆ, 17 ಬಿಟ್ಟಿದ್ದೇನೆ. ಆ ಹದಿನೇಳರಲ್ಲಿ ಒಂದನ್ನು 300ನೇ ಪುಟದಲ್ಲಿ ಬಿಟ್ಟೆ. ಇನ್ನು 40 ಪುಟ ಇತ್ತು. ಲೆಕ್ಕದಲ್ಲಿ ಸೊನ್ನೆ! ಪಕ್ಕದವರು 60 ಪುಟದ್ದು ಓದಿ ಒಂದು ಅಂಕ ತೆಗೆದುಕೊಂಡರು. ಇದು ನ್ಯಾಯವಾ?

ಲೆಕ್ಕದಮೇಷ್ಟ್ರು:
ಪುಟ ಎಣಿಸಿ ಅಂತ ಅದಕ್ಕೇ ಹೇಳಿದ್ದು.

ಹಳೇಹುಳು:
ಬಿಡುವುದಕ್ಕೆ ಒಂದು ಒಳ್ಳೇ ಸೂತ್ರ ಇದೆ. ನ್ಯಾನ್ಸಿ ಪರ್ಲ್ ಅನ್ನುವ ಅಮೆರಿಕದ ಗ್ರಂಥಪಾಲಕಿ ಹೇಳಿದ್ದು. ಯಾವುದೇ ಪುಸ್ತಕಕ್ಕೆ 50 ಪುಟದ ಅವಕಾಶ ಕೊಡಿ. ಹಿಡಿಸಲಿಲ್ಲವಾ, ಬಿಡಿ. ನಿಮಗೆ 50 ವರ್ಷ ದಾಟಿದ್ದರೆ ನೂರರಿಂದ ನಿಮ್ಮ ವಯಸ್ಸು ಕಳೆಯಿರಿ, ಅಷ್ಟು ಪುಟ ಸಾಕು. ವಯಸ್ಸಾದಷ್ಟೂ ಸಮಯ ಕಡಿಮೆ, ಹಾಗಾಗಿ ಪುಸ್ತಕಕ್ಕೆ ಕೊಡುವ ರಿಯಾಯಿತಿಯೂ ಕಡಿಮೆ. ನನಗೆ 71. 29ನೇ ಪುಟದಲ್ಲಿ ಪುಸ್ತಕ ಮುಚ್ಚುವ ಹಕ್ಕು ಸಂಪಾದಿಸಿದ್ದೇನೆ. ನೂರು ತುಂಬಿದ ಮೇಲೆ ಮುಖಪುಟ ನೋಡಿಯೇ ತೀರ್ಪು ಕೊಡಬಹುದು.

ಇಬ್ಬರಮಕ್ಕಳಮ್ಮ:
ಅಯ್ಯೋ, 71ಕ್ಕೆ ಇಷ್ಟು ಜಗಳಗಂಟಿಯಾಗಿ ಇರಬಹುದು ಅಂತ ಗೊತ್ತಾಗಿ ನನಗೆ ಖುಷಿಯಾಯಿತು ಸಾರ್.

ಹಳೇಹುಳು:
ಓದಿನಿಂದ ಬಂದಿದ್ದು ತಾಯಿ. ಇನ್ನೇನೂ ಬರಲಿಲ್ಲ.

ನಿಧಾನಿ:
ನಾನು ಈ ವರ್ಷ ಒಂದೇ ಪುಸ್ತಕ ಓದುತ್ತಿದ್ದೇನೆ. ಹೌದು, ಒಂದು. ದೊಡ್ಡದು. ಜನವರಿಯಿಂದ ದಿನಾ ಬೆಳಿಗ್ಗೆ ಮೂರು ನಾಲ್ಕು ಪುಟ. ಆಮೇಲೆ ದಿನವಿಡೀ ಅದು ತಲೆಯಲ್ಲಿ ಓಡಾಡಿಕೊಂಡಿರುತ್ತದೆ. ಅದರಲ್ಲಿ ಒಬ್ಬಳು ಮುದುಕಿ ಇದ್ದಾಳೆ, ಮಾತಾಡುವ ಮೊದಲು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಎಂಟು ತಿಂಗಳಿಂದ ಅವಳು ನಮ್ಮ ಮನೆಯಲ್ಲೇ ಇದ್ದ ಹಾಗಿದೆ. ಮೊನ್ನೆ ಫೋನಿನಲ್ಲಿ ಮಾತಾಡುತ್ತಾ ನಾನೇ ಟವೆಲಿನ ತುದಿ ಸುತ್ತಿಕೊಳ್ಳುತ್ತಿದ್ದೆ.

ನಿಮ್ಮ ಏಳು ಖಾಲಿ ಸಾಲು ಓದಿದಾಗ ಇದು ನೆನಪಾಯಿತು. ಚಾಲೆಂಜ್ ಮಾಡುವವರು ಪುಸ್ತಕಗಳನ್ನು ಭೇಟಿ ಮಾಡುತ್ತಾರೆ, ಜೊತೆಗೆ ಬಾಳುವುದಿಲ್ಲ.

ಕಿವಿಯೋದುಗ:
ಇದು ಸ್ವಲ್ಪ ದೊಡ್ಡಸ್ತಿಕೆ ಆಯಿತು ನಿಧಾನಿ ಅವರೇ. ಎಲ್ಲರ ಜೊತೆಗೂ ಬಾಳುವುದಕ್ಕಾಗುತ್ತದಾ? ಕೆಲವರನ್ನು ದಾರಿಯಲ್ಲಿ ಮಾತಾಡಿಸಿ ಮುಂದೆ ಹೋಗುವುದೂ ಬದುಕೇ. ಪತ್ತೇದಾರಿ ಕಾದಂಬರಿಯನ್ನು ಎಂಟು ತಿಂಗಳು ಓದಿದರೆ ಕೊಲೆಗಾರ ವಯಸ್ಸಾಗಿ ಸಾಯುತ್ತಾನೆ.

ನಿಧಾನಿ:
ಒಪ್ಪಿದೆ. ದೊಡ್ಡಸ್ತಿಕೆ ವಾಪಸ್.

ಮೂಲೆಮಡಿಕೆ:
ನಾನೊಂದು ತಪ್ಪೊಪ್ಪಿಗೆ ಬರೆಯಬೇಕು. ಇಲ್ಲಿ ನನ್ನನ್ನು ಯಾರೂ ಕಂಡಿಲ್ಲ, ಅದೇ ಧೈರ್ಯ.

ಮೂರು ವರ್ಷದ ಹಿಂದೆ ಸ್ನೇಹಿತರ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚಾಲೆಂಜ್ ಶುರುವಾಯಿತು. ಪ್ರತಿ ತಿಂಗಳ ಕೊನೆಗೆ ಎಲ್ಲರೂ ಓದಿದ ಪುಸ್ತಕಗಳ ರಾಶಿಯ ಫೋಟೊ ಹಾಕಬೇಕು. ಮೊದಲ ತಿಂಗಳು ನನ್ನ ರಾಶಿ ಎರಡು, ಒಬ್ಬರದು ಒಂಬತ್ತು. ಮಾರ್ಚ್ ಹೊತ್ತಿಗೆ ನಾನು ಅರ್ಧ ಓದಿದ್ದನ್ನೂ ರಾಶಿಗೆ ಸೇರಿಸಲು ಶುರು ಮಾಡಿದೆ. ಜೂನ್ ಹೊತ್ತಿಗೆ ಓದದೇ ಇರುವುದನ್ನೂ. ಡಿಸೆಂಬರಿನಲ್ಲಿ 60 ಅಂತ ಘೋಷಿಸಿದೆ. ನಿಜವಾಗಿ 22. ಎಲ್ಲರೂ ಚಪ್ಪಾಳೆ ಚಿತ್ರ ಹಾಕಿದರು.

ಆಮೇಲೆ ಒಬ್ಬ ಗೆಳತಿ ಫೋನ್ ಮಾಡಿದಳು. ನಾನು ಓದದೇ ಫೋಟೊ ಹಾಕಿದ್ದ ಪುಸ್ತಕವನ್ನು ಅವಳು ಆಗಷ್ಟೇ ಮುಗಿಸಿದ್ದಳು. ಕೊನೆಯ ಅಧ್ಯಾಯದ ಬಗ್ಗೆ ಮಾತಾಡಲು ಅವಳಿಗೆ ಯಾರಾದರೂ ಬೇಕಿತ್ತು. ಆ ತಾಯಿ ಹಾಗೆ ಮಾಡಿದ್ದು ಸರೀನಾ ಅಂತ ಕೇಳಿದಳು. ಯಾವ ತಾಯಿ? ನನಗೆ ಗೊತ್ತಿಲ್ಲ. ಹ್ಞೂಂ, ಹ್ಞೂಂ ಅಂದುಕೊಂಡು ಐದು ನಿಮಿಷ ತಳ್ಳಿದೆ. ಅವಳಿಗೆ ಗೊತ್ತಾಯಿತು. ಏನೂ ಹೇಳಲಿಲ್ಲ, ಸರಿ ಕಣೇ ಆಮೇಲೆ ಮಾತಾಡ್ತೀನಿ ಅಂದಳು.

ಆ ಪುಸ್ತಕ ಆಮೇಲೆ ಓದಿದೆ. ತಾಯಿ ಮಾಡಿದ್ದು ಸರಿ ಅಂತ ನನಗನ್ನಿಸಿತು. ಅವಳಿಗೆ ಹೇಳಲು ಮಾತ್ರ ಇನ್ನೂ ಬಾಯಿ ಬಂದಿಲ್ಲ.

ರಾತ್ರಿಪಾಳಿ:
ಇವತ್ತೇ ಫೋನ್ ಮಾಡಿ.

ಇಬ್ಬರಮಕ್ಕಳಮ್ಮ:
ನಾನೂ ಅದನ್ನೇ ಹೇಳೋಣ ಅಂತಿದ್ದೆ. ಮೂರು ವರ್ಷ ಆದರೂ ಪರವಾಗಿಲ್ಲ.

ಲೆಕ್ಕದಮೇಷ್ಟ್ರು:
ಇದಕ್ಕೆ ಗುಡ್‌ಹಾರ್ಟ್ ನಿಯಮ ಅಂತ ಹೆಸರೇ ಇದೆ. ಚಾರ್ಲ್ಸ್ ಗುಡ್‌ಹಾರ್ಟ್ ಅನ್ನುವ ಬ್ರಿಟಿಷ್ ಅರ್ಥಶಾಸ್ತ್ರಜ್ಞರು 1975ರಲ್ಲಿ ಹೇಳಿದ್ದು. ಅಳತೆಗೋಲನ್ನೇ ಗುರಿ ಮಾಡಿಕೊಂಡರೆ ಅದು ಅಳೆಯುವುದನ್ನು ನಿಲ್ಲಿಸುತ್ತದೆ. ಎಷ್ಟು ಓದುತ್ತೇವೆ ಅಂತ ತಿಳಿಯಲು ಪುಸ್ತಕ ಎಣಿಸಲು ಶುರು ಮಾಡುತ್ತೇವೆ. ಎಣಿಕೆಯೇ ಗುರಿ ಆದ ತಕ್ಷಣ ತೆಳು ಪುಸ್ತಕ, ಸುಳ್ಳು ರಾಶಿ ಎಲ್ಲ ಬರುತ್ತವೆ.

ನಿಯಮಪ್ರಿಯ:
ಸಣ್ಣ ತಿದ್ದುಪಡಿ. ಗುಡ್‌ಹಾರ್ಟ್ ಮಾತಾಡಿದ್ದು ಹಣಕಾಸು ನೀತಿಯ ಬಗ್ಗೆ, ಅವರ ಮಾತು ಇನ್ನೂ ಒಣ. ನೀವು ಹೇಳಿದ ಈ ರೂಪ ಮ್ಯಾರಿಲಿನ್ ಸ್ಟ್ರಾದರ್ನ್ ಅನ್ನುವ ಮಾನವಶಾಸ್ತ್ರಜ್ಞೆಯದು, 1997.

ಲೆಕ್ಕದಮೇಷ್ಟ್ರು:
ನಿಮ್ಮಂಥವರು ತರಗತಿಯಲ್ಲಿ ಒಬ್ಬ ಇದ್ದರೆ ಸಾಕು, ಮೇಷ್ಟ್ರ ನಿದ್ದೆ ಹೋಗುತ್ತದೆ.

ಅರ್ಧಕ್ಕೆಬಿಟ್ಟವ:
ಮೂಲೆಮಡಿಕೆ ಅವರೇ, ನಿಮ್ಮ ಹೆಸರಿನ ಬಗ್ಗೆ ಒಂದು ಪ್ರಶ್ನೆ. ನೀವು ಪುಟದ ಮೂಲೆ ಮಡಚುವವರಾ?

ಮೂಲೆಮಡಿಕೆ:
ಹೌದು. ಮತ್ತೆ ಬೈಯ್ಯಬೇಡಿ, ಇವತ್ತು ಒಂದು ತಪ್ಪು ಒಪ್ಪಿಕೊಂಡಾಗಿದೆ.

ಹಳೇಹುಳು:
ಸುಳ್ಳು ರಾಶಿಯನ್ನು ಕ್ಷಮಿಸಿದ್ದೆ. ಇದನ್ನು ಕ್ಷಮಿಸುವುದಿಲ್ಲ.

ರಾತ್ರಿಪಾಳಿ:
ನಾನು ಸಿಕ್ಕಿದ್ದನ್ನೆಲ್ಲ ಗುರುತಿಗೆ ಇಡುತ್ತೇನೆ. ಟಿಕೆಟ್ಟು, ಔಷಧಿ ಚೀಟಿ, ಒಮ್ಮೆ ಒಂಟಿ ಕಾಲುಚೀಲ. ಹಳೇ ಪುಸ್ತಕ ತೆರೆದಾಗ ಆ ದಿನ ಎಲ್ಲಿದ್ದೆ ಅಂತ ಅದೇ ಹೇಳುತ್ತದೆ. ಕಾಲುಚೀಲದ ಜೋಡಿ ಇವತ್ತಿಗೂ ಸಿಕ್ಕಿಲ್ಲ.

ಇಬ್ಬರಮಕ್ಕಳಮ್ಮ:
ಪುಸ್ತಕ ಎರವಲು ಕೊಟ್ಟು ಕಳೆದುಕೊಂಡವರು ಇಲ್ಲಿ ಎಷ್ಟು ಜನ? ನನ್ನ ಪಟ್ಟಿಯಲ್ಲಿ 11 ಇದೆ. ಒಂದನ್ನು ತೆಗೆದುಕೊಂಡು ಹೋದವರೇ ನನಗೆ ಅದನ್ನು ಓದಿ, ತುಂಬಾ ಚೆನ್ನಾಗಿದೆ ಅಂತ ಶಿಫಾರಸು ಮಾಡಿದರು.

ಸುಮ್ನೆಬಂದೆ:
ಹಹ್ಹಾ. ಇದೇ ವರ್ಷದ ಕಾಮೆಂಟ್.

ಕಿವಿಯೋದುಗ:
ವಿಷಯ ಎಲ್ಲಿಗೋ ಹೋಯಿತು. ಚಾಲೆಂಜ್ ಅಂದರೆ ಬರೀ ಪೈಪೋಟಿ, ಸುಳ್ಳು ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ಎಲ್ಲವೂ ಹಾಗಲ್ಲ. ಆ್ಯನ್ ಮೋರ್ಗನ್ ಅನ್ನುವ ಬ್ರಿಟಿಷ್ ಲೇಖಕಿ ಇದ್ದಾರೆ. 2012ರಲ್ಲಿ ಪ್ರಪಂಚದ ಪ್ರತಿಯೊಂದು ದೇಶದಿಂದ ಒಂದು ಪುಸ್ತಕ ಓದುತ್ತೇನೆ ಅಂತ ಹೊರಟರು. ತಮ್ಮ ಕಪಾಟು ನೋಡಿದರೆ ಹೆಚ್ಚಿನದೆಲ್ಲ ಬ್ರಿಟನ್, ಅಮೆರಿಕದ್ದೇ ಅಂತ ಅವರಿಗೆ ನಾಚಿಕೆಯಾಗಿತ್ತು. ಇಂಗ್ಲಿಷಿನಲ್ಲಿ ಪುಸ್ತಕವೇ ಸಿಗದ ದೇಶಗಳು ಎದುರಾದವು. ಸಾವೊ ಟೋಮೆ ಮತ್ತು ಪ್ರಿನ್ಸಿಪೆ ಅಂತ ಒಂದು ಪುಟ್ಟ ದ್ವೀಪ ದೇಶ. ಅಲ್ಲಿನ ಪುಸ್ತಕಕ್ಕೆ ಅನುವಾದವೇ ಇರಲಿಲ್ಲ. ಅವರು ಸಹಾಯ ಕೇಳಿದರು. ಮುಖ ಪರಿಚಯವಿಲ್ಲದ ಸ್ವಯಂಸೇವಕರು ಭಾಗ ಹಂಚಿಕೊಂಡು, ಪೋರ್ಚುಗೀಸಿನಿಂದ ಒಂದು ಪುಸ್ತಕವನ್ನು ಅವರಿಗಾಗಿ ಅನುವಾದಿಸಿ ಕೊಟ್ಟರು. ಒಬ್ಬ ಓದುಗಳಿಗಾಗಿ ಒಂದು ಇಡೀ ಪುಸ್ತಕ! ಸುಮ್ನೆ ಮನೆಯಲ್ಲಿ ಕೂತು ಓದಿದ್ದರೆ ಇದು ಆಗುತ್ತಿತ್ತಾ? ಓದುತ್ತಿದ್ದೇನೆ ಅಂತ ಎಲ್ಲರಿಗೂ ಹೇಳಿದ್ದಕ್ಕೆ ಆಯಿತು.

ಹಳೇಹುಳು:
ಇದು ಒಳ್ಳೇ ಮಾತು. ಅದರಲ್ಲಿ ಸಂಖ್ಯೆಯೂ ಇದೆ, ಆದರೆ ಸಂಖ್ಯೆ ಅವರನ್ನು ಗೊತ್ತಿಲ್ಲದ ಕಡೆಗೆ ಎಳೆದುಕೊಂಡು ಹೋಯಿತು. ನಮ್ಮ ಪುಟಗಳ್ಳಿಯವರ ಸಂಖ್ಯೆ ತೆಳು ಪುಸ್ತಕದ ಕಡೆಗೆ ಎಳೆಯುತ್ತಿದೆ. ದೇಶ ಸುತ್ತು, ಕೋಶ ಓದು ಅನ್ನುತ್ತಿದ್ದರು. ಆಕೆ ಕೋಶ ಓದಿಯೇ ದೇಶ ಸುತ್ತಿದರು.

ರಾತ್ರಿಪಾಳಿ:
ನಾನು ಈ ವರ್ಷ ಮಾಡಿದ್ದೂ ಹೀಗೇ, ಸಣ್ಣ ಮಟ್ಟದಲ್ಲಿ. 12 ಪುಸ್ತಕ. 12 ಜನರನ್ನು ಒಂದೊಂದು ಹೆಸರು ಕೇಳಿದೆ. ಕಣ್ಣು ಮುಚ್ಚಿ ಅದನ್ನೇ ಓದಬೇಕು, ಇಷ್ಟ ಇಲ್ಲ ಅನ್ನುವ ಹಾಗಿಲ್ಲ. ನನ್ನ ಮೇಲಧಿಕಾರಿ ಪಕ್ಷಿಗಳ ವಲಸೆಯ ಪುಸ್ತಕ ಕೊಟ್ಟರು. ಆರು ವರ್ಷದಿಂದ ಆ ಮನುಷ್ಯನ ಜೊತೆ ಡ್ಯೂಟಿ ಪಟ್ಟಿ ಬಿಟ್ಟು ಬೇರೆ ಮಾತಾಡಿರಲಿಲ್ಲ. ಈಗ ರಾತ್ರಿ ಎರಡು ಗಂಟೆಗೆ ಕಾರಿಡಾರಿನಲ್ಲಿ ನಿಂತು ಕಡಲು ದಾಟುವ ಹಕ್ಕಿಗಳ ಬಗ್ಗೆ ಮಾತಾಡುತ್ತೇವೆ.

ಪುಟಗಳ್ಳಿ:
ಇದು ನನಗೆ ಬಹಳ ಹಿಡಿಸಿತು. ಮುಂದಿನ ವರ್ಷಕ್ಕೆ ಕದಿಯುತ್ತೇನೆ.

ಈ ವರ್ಷದ ನಿರ್ಧಾರ ಹೇಳುತ್ತೇನೆ. ಗುರಿಯನ್ನು 30ಕ್ಕೆ ಇಳಿಸಿದೆ. ನಡುವೆ ಯಾವಾಗ ಬೇಕಾದರೂ ಬದಲಾಯಿಸಬಹುದಂತೆ, ನಾನು ಇದನ್ನೇನೋ ಪ್ರಮಾಣವಚನ ಅಂದುಕೊಂಡಿದ್ದೆ. ಇವತ್ತು ರಾತ್ರಿ 780 ಪುಟದ್ದು ಶುರು. ಮೇಷ್ಟ್ರ ದಿನಕ್ಕೆ 20. ನೋಟ್‌ಬುಕ್ಕಿನಲ್ಲಿ ಪ್ರತಿದಿನ ಒಂದು ಸಾಲು.

ಅರ್ಧಕ್ಕೆಬಿಟ್ಟವ:
50ನೇ ಪುಟದಲ್ಲಿ ಸಿಗೋಣ.

ಪುಟಗಳ್ಳಿ (ಸೆಪ್ಟೆಂಬರ್ 20):
ಲೆಕ್ಕ ಒಪ್ಪಿಸುತ್ತಿದ್ದೇನೆ. 39 ದಿನ ಆಯಿತು, ಮೇಷ್ಟ್ರ ಪ್ರಕಾರ ಇವತ್ತಿಗೆ ಮುಗಿಯಬೇಕಿತ್ತು. 240ನೇ ಪುಟದಲ್ಲಿದ್ದೇನೆ. ನಡುವೆ ಹತ್ತು ದಿನ ಪುಸ್ತಕ ಮುಟ್ಟಲೇ ಇಲ್ಲ. ಎರಡು ಬೇರೆ ಪುಸ್ತಕ ಮುಗಿಸಿದೆ, ಒಟ್ಟು 21.

ಮೊದಲ 80 ಪುಟ ಹೆಸರುಗಳೇ ಗೊಂದಲ. ಒಂದೇ ಮನೆತನದಲ್ಲಿ ಮೂವರಿಗೆ ಒಂದೇ ಹೆಸರು. ಕೊನೆಗೆ ವಂಶವೃಕ್ಷ ಬರೆದುಕೊಂಡೆ. 130ರ ಹತ್ತಿರ ಏನೋ ಆಯಿತು. ಒಂದು ಮನೆಯ ಜಗುಲಿಯ ವರ್ಣನೆ ನಾಲ್ಕು ಪುಟ ಇತ್ತು. ತಿಂಗಳ ಹಿಂದೆ ಆಗಿದ್ದರೆ ಹಾರಿಸುತ್ತಿದ್ದೆ, ಹೆಸರೇ ಪುಟಗಳ್ಳಿ ಅಲ್ವಾ. ಈ ಸಲ ಓದಿದೆ. ಜಗುಲಿಯ ಕಂಬದಲ್ಲಿ ಮಕ್ಕಳ ಎತ್ತರ ಗುರುತು ಮಾಡಿದ ಗೆರೆಗಳಿವೆ, ಅದರಲ್ಲಿ ಒಂದು ಮಗುವಿನ ಗೆರೆ ನಡುವೆಯೇ ನಿಂತುಬಿಟ್ಟಿದೆ. ಲೇಖಕರು ಅದಕ್ಕೆ ಕಾರಣ ಹೇಳದೇ ಮುಂದೆ ಹೋಗಿದ್ದಾರೆ. ನಾನು ಮುಂದೆ ಹೋಗಲಿಲ್ಲ. ಅವತ್ತು 20 ಪುಟ ಆಗಲಿಲ್ಲ, ನಾಲ್ಕೇ.

ಹಳೇಹುಳು:
ಆ ನಾಲ್ಕು ಪುಟಕ್ಕೆ ನನ್ನ ಅಭಿನಂದನೆ.

ನಿಧಾನಿ:
ನಮ್ಮ ಪಕ್ಷಕ್ಕೆ ಸ್ವಾಗತ.

ಪುಟಗಳ್ಳಿ:
ಹತ್ತು ದಿನ ತಪ್ಪಿದ್ದಕ್ಕೆ ಯಾರೂ ಬೈಯ್ಯಲಿಲ್ಲ?

ಲೆಕ್ಕದಮೇಷ್ಟ್ರು:
ಬೈಯ್ಯುವುದಿಲ್ಲ, ಒಂದು ಅಂಕಿ ಕೊಡುತ್ತೇನೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು 12 ವಾರ ಗಮನಿಸಿದ ಅಧ್ಯಯನ ಇದೆ, 2009ರದ್ದು. ಹೊಸ ಅಭ್ಯಾಸ ತಾನಾಗಿಯೇ ನಡೆಯುವ ಮಟ್ಟಕ್ಕೆ ಬರಲು ಸುಮಾರು 66 ದಿನ ಬೇಕಾಯಿತು. ಆದರೆ ಕೆಲವರಿಗೆ 18, ಕೆಲವರಿಗೆ 254ರ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ಹೊಡೆತವೇನೂ ಇಲ್ಲ. 21 ದಿನದಲ್ಲಿ ಅಭ್ಯಾಸ ಆಗಿಬಿಡುತ್ತದೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದಲ್ಲ, ಅದನ್ನು ನಂಬಬೇಡಿ.

ನಿಯಮಪ್ರಿಯ:
ಒಂದು ದಿನ ತಪ್ಪಿದರೆ ಅಂತ ಹೇಳಿದ್ದಾರೆ. ಹತ್ತು ದಿನ ಅಂತ ಅಲ್ಲ. ಮತ್ತೆ ಆ ಜನ ಮಾಡಿದ್ದು ನೀರು ಕುಡಿಯುವುದು, ವ್ಯಾಯಾಮದಂಥವು. 780 ಪುಟದ ಕಾದಂಬರಿ ಅಲ್ಲ.

ಲೆಕ್ಕದಮೇಷ್ಟ್ರು:
ಇವರನ್ನು ಯಾರಾದರೂ ಸ್ವಲ್ಪ ಹೊತ್ತು ಹೊರಗೆ ಕರೆದುಕೊಂಡು ಹೋಗಿ.

ಮೂಲೆಮಡಿಕೆ (ನವೆಂಬರ್ 8):
ನನ್ನನ್ನು ಯಾರಾದರೂ ನೆನಪಿಟ್ಟಿದ್ದರೆ: ಫೋನ್ ಮಾಡಿದೆ. ಆ ಪುಸ್ತಕ ಈಗ ಓದಿದೆ ಕಣೇ, ಆ ತಾಯಿ ಮಾಡಿದ್ದು ಸರಿ ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ನೀನು ಇಷ್ಟು ತಡವಾಗಿ ಹೇಳಿದೆ, ನನಗೆ ಕಥೆಯೇ ಮರೆತುಹೋಗಿದೆ ಅಂದಳು. ಈಗ ಅವಳು ಮತ್ತೆ ಓದುತ್ತಿದ್ದಾಳೆ.

ರಾತ್ರಿಪಾಳಿ:
ಎರಡನೇ ಸಲ ಓದಿದ್ದೂ ಲೆಕ್ಕಕ್ಕೆ ಬರುತ್ತದೆ ಅಂತ ಅವರಿಗೆ ಹೇಳಿ.

ಪುಟಗಳ್ಳಿ (ಡಿಸೆಂಬರ್ 30):
655ನೇ ಪುಟ. ಇನ್ನು 125. ಇವತ್ತೂ ಸೇರಿ ಎರಡು ದಿನ. ಒಟ್ಟು 26 ಆಗಿದೆ, ಇದನ್ನು ಮುಗಿಸಿದರೆ 27. 30 ಹೇಗೂ ಆಗುವುದಿಲ್ಲ.

ನೋಟ್‌ಬುಕ್ಕಿನ ಪರೀಕ್ಷೆ ಮತ್ತೆ ಮಾಡಿದೆ. ಆಗಸ್ಟಿನಿಂದ ಮುಗಿಸಿದ ಏಳರಲ್ಲಿ ಆರಕ್ಕೆ ಬರೆಯಲು ಏನೋ ಇತ್ತು. ಒಂದು ಖಾಲಿ, ಅದು ಕಚೇರಿಯಲ್ಲಿ ಎಲ್ಲರಿಗೂ ಹಂಚಿದ ಪುಸ್ತಕ, ಅದರ ಬಗ್ಗೆ ಮಾತಾಡುವುದು ಬೇಡ.

ಮೇಷ್ಟ್ರೇ, ದಿನಕ್ಕೆ 63 ಪುಟ. ಓಡಲಾ?

ಲೆಕ್ಕದಮೇಷ್ಟ್ರು:
ಓಡಬೇಡಿ. ದಪ್ಪ ಕಾದಂಬರಿಯೊಂದರ ಕೊನೆಯ ನೂರು ಪುಟವನ್ನು ನಾನು ಡಿಸೆಂಬರ್ 31ರ ರಾತ್ರಿ ಗಡಿಯಾರ ನೋಡಿಕೊಂಡು ಓದಿದ್ದೆ. ಯಾರು ಯಾರನ್ನು ಮದುವೆಯಾದರು ಅಂತ ಇವತ್ತಿಗೂ ಗೊತ್ತಿಲ್ಲ. ಅಂಕ ಮಾತ್ರ ಸಿಕ್ಕಿತು.

ಪುಟಗಳ್ಳಿ (ಜನವರಿ 3):
ಮುಗಿಯಿತು! ಇವತ್ತು ಮಧ್ಯಾಹ್ನ. ಆ ಜಗುಲಿಯ ಕಂಬ ಕೊನೆಯ ಅಧ್ಯಾಯದಲ್ಲಿ ಮತ್ತೆ ಬಂತು. ಹಾರಿಸಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಹತ್ತು ನಿಮಿಷ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ.

ಒಂದೇ ಪ್ರಶ್ನೆ. ಇದು ಹೋದ ವರ್ಷದ ಲೆಕ್ಕಕ್ಕೋ ಈ ವರ್ಷದ್ದಕ್ಕೋ?

ನಿಯಮಪ್ರಿಯ:
ಈ ವರ್ಷದ್ದಕ್ಕೆ. ಮುಗಿಸಿದ ದಿನಾಂಕವೇ ಲೆಕ್ಕ.

ಲೆಕ್ಕದಮೇಷ್ಟ್ರು:
ಒಪ್ಪುವುದಿಲ್ಲ. ಡಿಸೆಂಬರ್ 31ರವರೆಗೆ ಓದಿದ ಪುಟವೆಲ್ಲ ಹೋದ ವರ್ಷಕ್ಕೆ, ಬಾಕಿ ಮಾತ್ರ ಈ ವರ್ಷಕ್ಕೆ.

ಅರ್ಧಕ್ಕೆಬಿಟ್ಟವ:
ಹಾಗಾದರೆ ನನ್ನ ಆ 300 ಪುಟವನ್ನೂ ಕೊಡಿ.

ಸುಮ್ನೆಬಂದೆ:
ಹೋದ ವರ್ಷ ನನ್ನದು 6 ಆಯಿತು, ಯಾರೂ ಕೇಳಲಿಲ್ಲ.